ಥಾಯ್ಲೆಂಡ್‌ನಲ್ಲಿ ಪಾಲುದಾರಿಕೆಯ ಹೋಟೆಲು: ವರ್ಕ್ ಪರ್ಮಿಟ್ ಪಡೆಯುವುದು ಹೇಗೆ?

ಫುಕೆಟ್, ಪಟ್ಟಾಯ, ಬ್ಯಾಂಕಾಕ್ ಸುತ್ತಿ ಬಂದವರಲ್ಲಿ ಕೆಲವರಿಗೆ ಒಂದು ಆಲೋಚನೆ ಬಂದೇ ಬರುತ್ತದೆ. ಭಾರತದ ಪ್ರವಾಸಿಗರು ಇಷ್ಟೊಂದು ಇದ್ದಾರೆ, ಬಿಸಿ ಇಡ್ಲಿ, ಗರಿಗರಿ ದೋಸೆ ಕೊಡುವ ಜಾಗ ಬೆರಳೆಣಿಕೆಯಷ್ಟು. ಒಬ್ಬ ಥಾಯ್ ಪಾಲುದಾರರನ್ನು ಹುಡುಕಿ ದರ್ಶಿನಿಯಂಥ ಪುಟ್ಟ ಹೋಟೆಲು ತೆರೆದರೆ ಹೇಗೆ? ತೆರೆಯಬಹುದು. ಆದರೆ ‘ಕಂಪನಿಯಲ್ಲಿ ನನ್ನ ಪಾಲಿದೆ, ನನ್ನ ಹೋಟೆಲಿನಲ್ಲಿ ನಾನು ನಿಂತರೆ ಯಾರು ಕೇಳುತ್ತಾರೆ’ ಎಂದುಕೊಂಡು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಥಾಯ್ ಕಾನೂನಿನಲ್ಲಿ ಷೇರು ಬೇರೆ, ದುಡಿಮೆ ಬೇರೆ. ಷೇರು ಹೊಂದಿ ಬೆಂಗಳೂರಿನಲ್ಲೇ ಕೂತು ಲಾಭಾಂಶ ಪಡೆಯುವವರಿಗೆ ಯಾವ ಪರ್ಮಿಟ್ಟೂ ಬೇಡ. ಹೋಟೆಲಿಗೆ ಬಂದು ಅಡುಗೆ ಮಾಡಿದರೆ, ನೌಕರರಿಗೆ ಕೆಲಸ ಹಂಚಿದರೆ, ಸರಕಿನ ಬಿಲ್ಲಿಗೆ ಸಹಿ ಹಾಕಿದರೆ ಅದು ಕೆಲಸ. ಸಂಬಳ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದವರಿಗೆ 5,000ದಿಂದ 50,000 ಬಹ್ತ್ ದಂಡ, ಗಡೀಪಾರು, ಮುಂದಿನ 2 ವರ್ಷ ಹೊಸ ಪರ್ಮಿಟ್ ಇಲ್ಲ. ಕೆಲಸಕ್ಕೆ ಇಟ್ಟುಕೊಂಡ ಕಂಪನಿಗೂ ಒಬ್ಬರಿಗೆ 10,000ದಿಂದ 1 ಲಕ್ಷ ಬಹ್ತ್ ದಂಡ. ಆ ಕಂಪನಿಯಲ್ಲಿ ನಿಮ್ಮದೂ ಪಾಲಿರುವುದರಿಂದ ಎರಡೂ ಏಟು ನಿಮಗೇ.

ಮೊದಲು ನೋಡಬೇಕಾದ್ದು: ಈ ಕೆಲಸ ನಿಮಗೆ ಸಲ್ಲುತ್ತದೆಯೇ?

ಇಲ್ಲಿ ಎರಡು ಕಾನೂನುಗಳಿವೆ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. 1999ರ ವಿದೇಶಿ ವ್ಯಾಪಾರ ಕಾಯ್ದೆ ಯಾವ ವ್ಯಾಪಾರವನ್ನು ವಿದೇಶಿಯರು ನಡೆಸಬಹುದು ಎಂದು ಹೇಳುತ್ತದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಷೇರು ವಿದೇಶಿಯರ ಕೈಯಲ್ಲಿದ್ದರೆ ಆ ಕಂಪನಿಯೇ ‘ವಿದೇಶಿ’. ಊಟ–ಪಾನೀಯ ಮಾರುವುದು, ಸಣ್ಣ ಬಂಡವಾಳದ ಚಿಲ್ಲರೆ ವ್ಯಾಪಾರ, ಬಹುಪಾಲು ಸೇವಾ ವ್ಯವಹಾರಗಳು ಈ ಕಾಯ್ದೆಯ ಮೂರನೆಯ ಪಟ್ಟಿಯಲ್ಲಿವೆ. ವಿದೇಶಿ ಕಂಪನಿ ಇವನ್ನು ನಡೆಸಲು ವಿಶೇಷ ಪರವಾನಗಿ ಬೇಕು. ಸಣ್ಣ ಹೋಟೆಲಿಗೆ ಅದು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಹಾಗಾಗಿಯೇ ನಿಮಗೆ 49, ಥಾಯ್ ಪಾಲುದಾರರಿಗೆ 51 ಎಂಬ ಲೆಕ್ಕ ಚಾಲ್ತಿಯಲ್ಲಿದೆ.

ಎರಡನೆಯದು 2017ರ ವಿದೇಶಿ ಕೆಲಸಗಾರರ ನಿರ್ವಹಣಾ ಸುಗ್ರೀವಾಜ್ಞೆ, 2018ರಲ್ಲಿ ತಿದ್ದುಪಡಿಯಾದದ್ದು. ಇದರಡಿ 2020ರಲ್ಲಿ ಬಂದ ಪಟ್ಟಿಯಲ್ಲಿ ಥಾಯ್ ಜನರಿಗೇ ಮೀಸಲಾದ ಕೆಲಸಗಳಿವೆ. ವಾಹನ ಓಡಿಸುವುದು, ಪ್ರವಾಸಿ ಗೈಡ್, ಕ್ಷೌರ, ಥಾಯ್ ಮಸಾಜ್, ಬೀದಿ ವ್ಯಾಪಾರ, ಕಾನೂನು ಸೇವೆ ಇಂಥವು ವಿದೇಶಿಯರಿಗೆ ಪೂರ್ತಿ ನಿಷಿದ್ಧ. ಹೋಟೆಲಿನವರು ಗಮನಿಸಬೇಕಾದ್ದು ಇನ್ನೆರಡು: ಕೂಲಿ ಕೆಲಸ, ಅಂಗಡಿಯ ಮುಂಗಟ್ಟಿನಲ್ಲಿ ನಿಂತು ಮಾರುವುದು. ಇವೆರಡನ್ನೂ ನೆರೆಯ ದೇಶಗಳೊಂದಿಗಿನ ಒಪ್ಪಂದದ ಮೇಲೆ ಬರುವ ಕಾರ್ಮಿಕರಿಗೆ ಮಾತ್ರ ಬಿಟ್ಟಿದ್ದಾರೆ, ಭಾರತೀಯರಿಗಲ್ಲ. ನಮ್ಮೂರಿನಲ್ಲಿ ಮಾಲೀಕರೇ ಗಲ್ಲಾದ ಮೇಲೆ ಕೂರುವುದು, ಗಿರಾಕಿ ಹೆಚ್ಚಾದಾಗ ತಾವೇ ತಟ್ಟೆ ಇಡುವುದು ಸಹಜ. ಅಲ್ಲಿ ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂದು ಪರ್ಮಿಟ್ ಪಡೆದವರು ಕೌಂಟರ್ ಹಿಂದೆ ಚಿಲ್ಲರೆ ಎಣಿಸುತ್ತಿದ್ದರೆ ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಗಲ್ಲಾ, ಬಡಿಸುವುದು, ಪಾತ್ರೆ ತೊಳೆಯುವುದು ಥಾಯ್ ನೌಕರರಿಗೆ. ಆಡಳಿತ ನಿಮಗೆ. ಅಡುಗೆಯೂ ನಿಮ್ಮದೇ ಆದರೆ ಅರ್ಜಿಯಲ್ಲೇ ಅದನ್ನು ಬರೆಸಿ.

ಕಂಪನಿ ಕಟ್ಟುವುದು, ಪಾಲುದಾರರನ್ನು ಆರಿಸುವುದು

2023ರ ಫೆಬ್ರವರಿ 7ರಿಂದ ಇಬ್ಬರಿದ್ದರೂ ಪ್ರೈವೇಟ್ ಲಿಮಿಟೆಡ್ ಕಂಪನಿ ಆಗುತ್ತದೆ, ಅದಕ್ಕೆ ಮುಂಚೆ ಮೂವರು ಬೇಕಿತ್ತು. ನೋಂದಣಿ ಮಾಡುವುದು ಡಿಬಿಡಿ ಎಂದೇ ಎಲ್ಲರೂ ಕರೆಯುವ ವ್ಯಾಪಾರ ಅಭಿವೃದ್ಧಿ ಇಲಾಖೆ. ಕಂಪನಿ ಕಾನೂನಿನ ಪ್ರಕಾರ ನೋಂದಣಿಯ ಹೊತ್ತಿಗೆ ಷೇರು ಬಂಡವಾಳದ ಶೇ 25 ಕಟ್ಟಿದರೆ ಸಾಕು. ಇಲ್ಲೇ ಹಲವರು ಎಡವುತ್ತಾರೆ. ವರ್ಕ್ ಪರ್ಮಿಟ್‌ಗೆ ಆ ರಿಯಾಯಿತಿ ಇಲ್ಲ. ಒಬ್ಬ ವಿದೇಶಿಗೆ 20 ಲಕ್ಷ ಬಹ್ತ್ ಬಂಡವಾಳ ಪೂರ್ತಿ ಪಾವತಿಯಾಗಿರಬೇಕು. ನೀವು ಮತ್ತು ನಿಮ್ಮ ತಮ್ಮ ಇಬ್ಬರೂ ಅಲ್ಲಿ ದುಡಿಯುವುದಾದರೆ 40 ಲಕ್ಷ. ಥಾಯ್ ಪ್ರಜೆಯನ್ನು ಕಾನೂನುಬದ್ಧವಾಗಿ ಮದುವೆಯಾದವರಿಗೆ ಪರ್ಮಿಟ್‌ನ ಮಟ್ಟಿಗೆ ಇದು ಅರ್ಧಕ್ಕಿಳಿಯುತ್ತದೆ: 10 ಲಕ್ಷ ಬಂಡವಾಳ, ಒಬ್ಬ ವಿದೇಶಿಗೆ ಬೇಕಾದ ನಾಲ್ವರು ಥಾಯ್ ನೌಕರರ ಬದಲು ಇಬ್ಬರು.

20 ಲಕ್ಷದ ಕಂಪನಿಯಲ್ಲಿ ನಿಮ್ಮ ಶೇ 49 ಎಂದರೆ 9,80,000 ಬಹ್ತ್. ಪಾಲುದಾರರದು 10,20,000. ಈ ಎರಡನೆಯ ಅಂಕಿಯ ಮೇಲೆ ನಿಮ್ಮ ಇಡೀ ವ್ಯವಹಾರ ನಿಂತಿದೆ. ಆ ಹಣ ನಿಜವಾಗಿ ಅವರದೇ ಇರಬೇಕು. ವಿದೇಶಿ ಷೇರುದಾರರು ಅಥವಾ ಸಹಿ ಅಧಿಕಾರವಿರುವ ವಿದೇಶಿ ನಿರ್ದೇಶಕರು ಇರುವ ಕಂಪನಿಯಲ್ಲಿ, ಥಾಯ್ ಷೇರುದಾರರು ತಮ್ಮ ಹೂಡಿಕೆಗೆ ತಕ್ಕ ಹಣ ತಮ್ಮಲ್ಲಿದೆ ಎಂಬುದಕ್ಕೆ ಬ್ಯಾಂಕ್ ದಾಖಲೆ ಕೊಡಬೇಕು. ತಿಂಗಳಿಗೆ 15,000 ಸಂಬಳದ ಡ್ರೈವರ್ ಅಥವಾ ಏಜೆಂಟ್ ಕಚೇರಿಯ ಹುಡುಗಿ ನಿಮ್ಮ ಕಂಪನಿಯ ಶೇ 51ರ ಒಡೆಯರು ಎಂದರೆ ಕಾಗದ ನೋಡಿದವರಿಗೇ ಅನುಮಾನ ಬರುತ್ತದೆ.

ಇದಕ್ಕೆ ಅಲ್ಲಿ ‘ನಾಮಿನಿ’ ಎನ್ನುತ್ತಾರೆ. ನಮ್ಮಲ್ಲಿ ಬ್ಯಾಂಕ್ ಖಾತೆಗೆ ಬರೆಸುವ ನಾಮಿನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬೇನಾಮಿ. ‘ಹೆಸರಿಗೆ ಮಾತ್ರ ಥಾಯ್ ಷೇರುದಾರರನ್ನು ನಾವೇ ಕೊಡುತ್ತೇವೆ, ಎಲ್ಲರೂ ಹೀಗೇ ಮಾಡೋದು’ ಎಂದು ಪ್ಯಾಕೇಜ್ ಮಾರುವ ಏಜೆಂಟರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ವಿದೇಶಿ ವ್ಯಾಪಾರ ಕಾಯ್ದೆಯ 36ನೇ ಕಲಮಿನಡಿ ಹೆಸರು ಕೊಟ್ಟ ಥಾಯ್ ಪ್ರಜೆಗೂ, ಪಡೆದ ವಿದೇಶಿಗೂ 3 ವರ್ಷದವರೆಗೆ ಜೈಲು, 1 ಲಕ್ಷದಿಂದ 10 ಲಕ್ಷ ಬಹ್ತ್ ದಂಡ, ಅಥವಾ ಎರಡೂ. ದಂಡಕ್ಕಿಂತ ಮೊದಲೇ ಇನ್ನೊಂದು ಅಪಾಯವಿದೆ. ಹೆಸರಿಗೆ ಮಾತ್ರ ಇರುವ ಒಡೆಯರು ನಾಳೆ ‘ಇದು ನನ್ನದೇ’ ಎಂದರೆ ನೀವು ಯಾವ ಕೋರ್ಟಿಗೆ ಹೋಗುತ್ತೀರಿ? ಬೇನಾಮಿ ಎಂದು ನೀವೇ ಒಪ್ಪಿಕೊಳ್ಳಬೇಕಾಗುತ್ತದೆ.

ನಿಜವಾದ ಪಾಲುದಾರರ ಜೊತೆಗೂ ಬರವಣಿಗೆ ಗಟ್ಟಿಯಾಗಿರಲಿ. ಶೇ 49 ಇದ್ದವರೂ ನಿರ್ದೇಶಕರಾಗಿ, ಸಹಿ ಅಧಿಕಾರ ಹೊಂದಿ ಕಂಪನಿ ನಡೆಸಬಹುದು. ಆದರೆ ನಿರ್ದೇಶಕರನ್ನು ನೇಮಿಸುವುದು, ತೆಗೆಯುವುದು ಷೇರುದಾರರ ಸಭೆಯ ಕೈಯಲ್ಲಿದೆ. ಸರಳ ಬಹುಮತ ಸಾಕು, ಅಂದರೆ ಶೇ 51 ಇರುವವರು ಒಂದು ಸಭೆಯಲ್ಲಿ ನಿಮ್ಮನ್ನು ಇಳಿಸಬಹುದು. ನಿಯಮಾವಳಿ ತಿದ್ದುವುದು, ಬಂಡವಾಳ ಏರಿಸುವುದು–ಇಳಿಸುವುದು, ಕಂಪನಿ ಮುಚ್ಚುವುದು ಇವಕ್ಕೆ ಮುಕ್ಕಾಲು ಪಾಲು ಮತ ಬೇಕಾದ್ದರಿಂದ ಅವನ್ನು ತಡೆಯುವ ಶಕ್ತಿ ನಿಮ್ಮ 49ಕ್ಕಿದೆ. ನಿರ್ದೇಶಕರ ಬದಲಾವಣೆಗೆ ಇಬ್ಬರ ಒಪ್ಪಿಗೆಯೂ ಬೇಕು ಎಂಬ ಮಾತನ್ನು ಕಂಪನಿಯ ನಿಯಮಾವಳಿಯಲ್ಲೇ, ನೋಂದಣಿಯ ದಿನವೇ ಸೇರಿಸಿಕೊಳ್ಳಬೇಕು. ಆಮೇಲೆ ಸೇರಿಸಲು ಹೋದರೆ ಅದೇ ಮುಕ್ಕಾಲು ಪಾಲು ಬೇಕಾಗುತ್ತದೆ.

ಭಾರತದಿಂದ ಹಣ ಕಳಿಸುವ ದಾರಿ

ಥಾಯ್ ಕಾಗದಪತ್ರದ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಭಾರತದ ನಿವಾಸಿಯೊಬ್ಬರು, ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿರುವ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಷೇರುಪೇಟೆಯಲ್ಲಿಲ್ಲದ ವಿದೇಶಿ ಕಂಪನಿಯ ಷೇರು ಕೊಳ್ಳುವುದು 2022ರ ಆಗಸ್ಟ್‌ನಲ್ಲಿ ಬಂದ ನಿಯಮಗಳ ಪ್ರಕಾರ ‘ಸಾಗರೋತ್ತರ ನೇರ ಹೂಡಿಕೆ’. ಹಣ ಕಳಿಸುವ ಮೊದಲೇ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ಆ ಹೂಡಿಕೆಗೆ ಯುಐಎನ್ ಎಂಬ ಸಂಖ್ಯೆ ಪಡೆಯಬೇಕು. ‘ಸಂಬಂಧಿಕರ ಖರ್ಚಿಗೆ’, ‘ಉಡುಗೊರೆ’ ಎಂದು ಉದ್ದೇಶ ಬರೆಸಿ ಕಳಿಸಿದ ಹಣ ಮುಂದೆ ಷೇರಾಗಿ ಕಾಣಿಸಿಕೊಂಡರೆ ವಿದೇಶಿ ವಿನಿಮಯದ ಕಾನೂನಾದ ಫೆಮಾ ಉಲ್ಲಂಘನೆ.

ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. 25 ಲಕ್ಷ ಕಳಿಸಿದರೆ ಮಿಕ್ಕ 15 ಲಕ್ಷದ ಮೇಲೆ 3 ಲಕ್ಷ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ಆ 3 ಲಕ್ಷ ನಿಮ್ಮ ಕೈಯಲ್ಲಿರುವುದಿಲ್ಲ. ಹೋಟೆಲಿನ ಒಲೆ, ಗ್ರೈಂಡರ್, ಫ್ರಿಜ್‌ಗೆಂದು ಎತ್ತಿಟ್ಟದ್ದು ಇಲ್ಲಿ ಸಿಕ್ಕಿಕೊಳ್ಳುವುದು ಬೇಡ. ಹಣ ಕಳಿಸಿದ 6 ತಿಂಗಳೊಳಗೆ ಷೇರು ಪತ್ರವನ್ನು ಬ್ಯಾಂಕಿಗೆ ತೋರಿಸಬೇಕು. ಥಾಯ್ ಬ್ಯಾಂಕಿಗೆ ಹಣ ಬಂದಾಗ ಅದು ವಿದೇಶದಿಂದ ಬಂದದ್ದು ಎಂಬ ಪತ್ರವನ್ನು ಕೇಳಿ ಪಡೆದು ಜೋಪಾನ ಮಾಡಿ. ಮುಂದೊಂದು ದಿನ ಹಣ ವಾಪಸು ತರುವಾಗ ಅದೇ ಆಧಾರ.

ಜಾಗ, ನಾಲ್ವರು ನೌಕರರು, ಒಂದು ಕಂತೆ ಫೋಟೊ

ಬಾಡಿಗೆ ಕರಾರಿಗೆ ಮುನ್ನ ಕಟ್ಟಡದ ಮಾಲೀಕರು ಎರಡು ಕಾಗದ ಕೊಡುತ್ತಾರೆಯೇ ಎಂದು ಕೇಳಿ: ಆ ವಿಳಾಸದಲ್ಲಿ ಕಂಪನಿ ನೋಂದಾಯಿಸಲು ಒಪ್ಪಿಗೆ ಪತ್ರ ಮತ್ತು ‘ತಬಿಯನ್ ಬಾನ್’ ಎಂಬ ಮನೆ ನೋಂದಣಿ ಪುಸ್ತಕದ ಪ್ರತಿ. ಬಾಡಿಗೆ ಆದಾಯ ತೆರಿಗೆಯವರ ಕಣ್ಣಿಗೆ ಬೀಳುತ್ತದೆಂದು ಕೆಲವು ಮಾಲೀಕರು ಕೊಡುವುದಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾದರೆ ಕಷ್ಟ. ಹೋಟೆಲಿನ ವಿಸ್ತೀರ್ಣ 200 ಚದರ ಮೀಟರ್ ದಾಟಿದರೆ ಸ್ಥಳೀಯ ಆಡಳಿತದ ಲೈಸೆನ್ಸ್ ಬೇಕು, ಅದಕ್ಕಿಂತ ಕಡಿಮೆಯಿದ್ದರೆ ಮಾಹಿತಿ ಕೊಟ್ಟು ಪ್ರಮಾಣಪತ್ರ ಪಡೆದರಾಯಿತು.

ಇನ್ನು ನೌಕರರು. ವೀಸಾ ವಿಸ್ತರಿಸುವಾಗ ಇಮಿಗ್ರೇಷನ್ ಕಚೇರಿ ಒಬ್ಬ ವಿದೇಶಿಗೆ ನಾಲ್ವರು ಥಾಯ್ ಕಾಯಂ ನೌಕರರನ್ನು ಕೇಳುತ್ತದೆ. ಹಾಜರಿ ಪುಸ್ತಕ ತೋರಿಸಿದರೆ ಸಾಲದು, ಸಾಮಾಜಿಕ ಭದ್ರತಾ ನಿಧಿಗೆ ಅವರ ಹೆಸರಿನಲ್ಲಿ ತಿಂಗಳು ತಿಂಗಳು ವಂತಿಗೆ ಕಟ್ಟಿದ ‘ಸೋ ಪೋ ಸೋ 1-10’ ಫಾರ್ಮು, ಕಳೆದ ಮೂರು ತಿಂಗಳದ್ದು, ರಸೀದಿ ಸಮೇತ ಬೇಕು. ನಿಮಗೆ ಸಿಗುವ ಮೊದಲ ವೀಸಾ 90 ದಿನದ್ದು. ಮೂರು ತಿಂಗಳ ರಸೀದಿ, ಮೂರು ತಿಂಗಳ ವೀಸಾ: ನೀವು ಬಂದಿಳಿದ ಮೇಲೆ ನೌಕರರನ್ನು ಹುಡುಕಲು ಹೊರಟರೆ ಲೆಕ್ಕ ಕೂಡುವುದೇ ಇಲ್ಲ. ನೀವು ವಿಮಾನ ಹತ್ತುವ ಮೊದಲೇ ಥಾಯ್ ಪಾಲುದಾರರು ನೌಕರರನ್ನು ಸೇರಿಸಿಕೊಂಡು ನೋಂದಾಯಿಸಿರಬೇಕು.

ಖರ್ಚನ್ನು ಬರೆದು ನೋಡಿಕೊಳ್ಳಿ. ಫುಕೆಟ್‌ನಲ್ಲಿ ಕನಿಷ್ಠ ಕೂಲಿ 2025ರಿಂದ ದಿನಕ್ಕೆ 400 ಬಹ್ತ್. ತಿಂಗಳ ಸಂಬಳದವರಿಗೆ 30 ದಿನದಂತೆ 12,000, ನಾಲ್ವರಿಗೆ 48,000. ಅದರ ಮೇಲೆ ಕಂಪನಿಯ ಪಾಲಿನ ವಂತಿಗೆ ಶೇ 5, ಅಂದರೆ 2,400. ನಿಮ್ಮ ಸಂಬಳವನ್ನು ನೀವೇ ಮನಸ್ಸಿಗೆ ಬಂದಷ್ಟು ಇಟ್ಟುಕೊಳ್ಳುವಂತಿಲ್ಲ. ವೀಸಾ ವಿಸ್ತರಣೆಗೆ ದೇಶವಾರು ಕನಿಷ್ಠ ಸಂಬಳವಿದೆ: ಅಮೆರಿಕ, ಪಶ್ಚಿಮ ಯುರೋಪ್, ಜಪಾನಿನವರಿಗೆ 50,000 ಬಹ್ತ್, ಭಾರತೀಯರಿಗೆ 35,000. ಒಟ್ಟು 85,400 ಬಹ್ತ್. ಇದರಲ್ಲಿ ಬಾಡಿಗೆ, ದಿನಸಿ, ಕರೆಂಟು ಯಾವುದೂ ಸೇರಿಲ್ಲ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾಗುವ ಫುಕೆಟ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಇದನ್ನು ತಪ್ಪದೆ ಕೊಡಲು ಆಗುತ್ತದೆಯೇ? ವ್ಯಾಪಾರ ಇಳಿದಾಗ ಇಬ್ಬರನ್ನು ಬಿಡಿಸಿದರೆ ನಿಮ್ಮ ಪರ್ಮಿಟ್ಟಿನ ಬುಡವೇ ಅಲುಗಾಡುತ್ತದೆ. 35,000 ಎಂದು ಕಾಗದದಲ್ಲಿ ತೋರಿಸಿ ತೆರಿಗೆ ಕಟ್ಟದಿದ್ದರೂ ಅಷ್ಟೇ, ಏಕೆಂದರೆ ನಿಮ್ಮ ತೆರಿಗೆ ರಸೀದಿಯನ್ನೇ ಅವರು ಕೇಳುವುದು. ಹಾಗೆಂದು ಆ ತೆರಿಗೆ ದೊಡ್ಡದೂ ಅಲ್ಲ. ವರ್ಷಕ್ಕೆ 4,20,000 ಸಂಬಳದಲ್ಲಿ ಖರ್ಚಿನ ಬಾಬ್ತು 1 ಲಕ್ಷ, ವೈಯಕ್ತಿಕ ವಿನಾಯಿತಿ 60,000 ಕಳೆದು ಉಳಿದ 2,60,000ದಲ್ಲಿ ಮೊದಲ 1,50,000ಕ್ಕೆ ತೆರಿಗೆ ಇಲ್ಲ, ಮಿಕ್ಕದ್ದಕ್ಕೆ ಶೇ 5. ವರ್ಷಕ್ಕೆ 5,500 ಬಹ್ತ್‌ಗೆ ಮೇಲಿಲ್ಲ. ಇದನ್ನು ಉಳಿಸಲು ಹೋಗಿ ವೀಸಾ ಕಳೆದುಕೊಳ್ಳುವುದು ಎಂಥ ನಷ್ಟ!

ಫೋಟೊಗಳ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಟ್ಟಡದ ಪೂರ್ತಿ ಮುಂಭಾಗ, ಕಂಪನಿಯ ಹೆಸರಿನ ಬೋರ್ಡು, ಮನೆ ಸಂಖ್ಯೆಯ ಫಲಕ ಹತ್ತಿರದಿಂದ, ಒಳಗೆ ನೌಕರರು ಕೆಲಸ ಮಾಡುತ್ತಿರುವುದು, ನೀವು ನಿಮ್ಮ ಮೇಜಿನಲ್ಲಿ ಕೂತಿರುವುದು, ಎಲ್ಲರೂ ಒಟ್ಟಿಗಿರುವುದು. ಬೋರ್ಡಿನಲ್ಲಿ ಹೋಟೆಲಿನ ಹೆಸರು ಮಾತ್ರ ಇದ್ದು ನೋಂದಾಯಿತ ಕಂಪನಿಯ ಹೆಸರು ಇಲ್ಲದಿದ್ದರೆ ವಾಪಸು ಕಳಿಸುತ್ತಾರೆ. ಬಾಗಿಲ ಪಕ್ಕ ಒಂದು ಸಣ್ಣ ಫಲಕದಲ್ಲಾದರೂ ಕಂಪನಿಯ ಹೆಸರನ್ನು ಥಾಯ್ ಲಿಪಿಯಲ್ಲಿ ಬರೆಸಿ. ಮನೆ ಸಂಖ್ಯೆ ಬಿಸಿಲಿಗೆ ಮಾಸಿದ್ದರೆ ಹೊಸದು ಹಾಕಿಸಿ. ಕೈಯಲ್ಲಿ ಬಿಡಿಸಿದ ದಾರಿಯ ನಕ್ಷೆಯೂ ಜೊತೆಗಿರಲಿ. ಅಧಿಕಾರಿಗಳು ಅದನ್ನು ಹಿಡಿದು ಬಂದಾಗ ಫೋಟೊದಲ್ಲಿದ್ದ ಮೇಜು, ಫೋಟೊದಲ್ಲಿದ್ದ ಮುಖಗಳು ಅಲ್ಲಿರಬೇಕು.

ವೀಸಾ, ಆಮೇಲೆ ಪರ್ಮಿಟ್

ಪ್ರವಾಸಿಯಾಗಿ ಹೋಗಿ ಕೆಲಸ ಶುರು ಮಾಡಿ ‘ಆಮೇಲೆ ಸರಿಪಡಿಸೋಣ’ ಎನ್ನುವ ದಾರಿ ಬೇಡ. ಸರಿಯಾದ ಕ್ರಮ ಹೀಗಿದೆ: ನೀವು ಕರ್ನಾಟಕದಲ್ಲಿರುವಾಗಲೇ ಕಂಪನಿಯು ಥಾಯ್ ಉದ್ಯೋಗ ಇಲಾಖೆಗೆ ನಿಮ್ಮ ಪರವಾಗಿ ಅರ್ಜಿ ಹಾಕುತ್ತದೆ. ಒಪ್ಪಿಗೆ ಸಿಕ್ಕಿದ ಮೇಲೆ ಆ ಪತ್ರ ಇಟ್ಟುಕೊಂಡು ನೀವು ನಾನ್‌ ಇಮಿಗ್ರಂಟ್ ‘ಬಿ’ ವೀಸಾಕ್ಕೆ ಥಾಯ್ ಇ-ವೀಸಾ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2025ರ ಜನವರಿಯಿಂದ ಎಲ್ಲವೂ ಅಲ್ಲೇ.

ಕಂಪನಿಯ ಕಡೆಯಿಂದ ಬೇಕಾದ್ದು: ಡಿಬಿಡಿಯ ದೃಢೀಕರಣ ಪತ್ರ, ಷೇರುದಾರರ ಪಟ್ಟಿಯಾದ ‘ಬೋ ಓ ಜೋ 5’, ವ್ಯಾಟ್ ನೋಂದಣಿಯ ‘ಪೋ ಪೋ 20’, ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ರಸೀದಿಗಳು, ಫೋಟೊಗಳು, ನಕ್ಷೆ. ವರ್ಷಕ್ಕೆ 18 ಲಕ್ಷ ಬಹ್ತ್ ವಹಿವಾಟು ದಾಟಿದರೆ ಮಾತ್ರ ವ್ಯಾಟ್ ಕಡ್ಡಾಯ. ಆದರೂ ಪರ್ಮಿಟ್ ಬೇಕೆನ್ನುವವರು ಮೊದಲೇ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ನಿಮ್ಮ ಕಡೆಯಿಂದ ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಹಿಂದೆ ಕೆಲಸ ಮಾಡಿದ ಕಡೆಯ ಅನುಭವ ಪತ್ರ. ಅನುಭವ ಪತ್ರದಲ್ಲಿ ‘ಉತ್ತಮ ನಡತೆಯವರು’ ಎಂದಿದ್ದರೆ ಏನೂ ಪ್ರಯೋಜನವಿಲ್ಲ. ಹುದ್ದೆ, ಮಾಡಿದ ಕೆಲಸ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ಬೇಕು, ಮತ್ತು ಅದು ಅರ್ಜಿಯಲ್ಲಿರುವ ಹುದ್ದೆಗೆ ಹೊಂದಬೇಕು. ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಜೊತೆ ತಂದೆಯ ಹೆಸರು ಬಿಡಿಸಿ ಬರೆದಿದ್ದು, ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುವುದು ನಮ್ಮವರಿಗೆ ಎಲ್ಲ ಕಡೆ ಕಾಡುವ ತೊಂದರೆ. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಇಲ್ಲೇ ನೋಟರಿ ಮಾಡಿಸಿ, ಪದವಿ ಪತ್ರದ ಜೊತೆ ವಿದೇಶಾಂಗ ಇಲಾಖೆಯ ದೃಢೀಕರಣಕ್ಕೂ ಹಾಕಿ. ಅಲ್ಲಿಗೆ ಹೋದ ಮೇಲೆ ಇದಕ್ಕಾಗಿ ಮತ್ತೆ ಬರಬೇಕಾಗುತ್ತದೆ.

ಥಾಯ್ಲೆಂಡ್‌ಗೆ ಇಳಿದ ಮೇಲೆ ವೈದ್ಯಕೀಯ ಪ್ರಮಾಣಪತ್ರ. ಕುಷ್ಠ, ತೀವ್ರ ಹಂತದ ಕ್ಷಯ, ಆನೆಕಾಲು, ಮೂರನೆಯ ಹಂತದ ಸಿಫಿಲಿಸ್, ಮಾದಕ ವ್ಯಸನ, ಮದ್ಯವ್ಯಸನ ಇಲ್ಲ ಎಂದು ವೈದ್ಯರು ಬರೆಯಬೇಕು. ಪರ್ಮಿಟ್ಟಿನ ಅರ್ಜಿ ಶುಲ್ಕ 100 ಬಹ್ತ್, ಒಂದು ವರ್ಷದ ಪರ್ಮಿಟ್‌ಗೆ 3,000. 2025ರ ಅಕ್ಟೋಬರ್‌ನಿಂದ ಅರ್ಜಿಗಳು ಇ-ವರ್ಕ್ ಪರ್ಮಿಟ್ ವ್ಯವಸ್ಥೆಗೆ ಬಂದಿವೆ, ಹಳೆಯ ನೀಲಿ ಪುಸ್ತಿಕೆಯ ಜಾಗಕ್ಕೆ ಕಾರ್ಡ್ ಬಂದಿದೆ. ಪರ್ಮಿಟ್ ಕೈಗೆ ಬರುವವರೆಗೆ ಬಿಲ್ಲು, ಚೆಕ್ಕು, ಕರಾರು ಎಲ್ಲಕ್ಕೂ ಥಾಯ್ ನಿರ್ದೇಶಕರೇ ಸಹಿ ಹಾಕಲಿ.

90 ದಿನದ ವೀಸಾದ ಕೊನೆಯ 30 ದಿನಗಳಲ್ಲಿ ಒಂದು ವರ್ಷದ ವಿಸ್ತರಣೆಗೆ ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಶುಲ್ಕ 1,900 ಬಹ್ತ್. ಪ್ರತಿ ಕಾಗದದ ಪ್ರತಿ ಪುಟಕ್ಕೂ ನಿರ್ದೇಶಕರ ಸಹಿ, ಕಂಪನಿಯ ಮೊಹರು ಬೇಕು. ಒಂದು ಪುಟ ಬಿಟ್ಟುಹೋದರೂ ಸರದಿ ಮತ್ತೆ ಮೊದಲಿನಿಂದ.

ಕೈಗೆ ಬಂದ ಪರ್ಮಿಟ್ ಉಳಿಸಿಕೊಳ್ಳುವುದು

ಊರಿಗೆ ಬರುವ ಮುನ್ನ ರೀ-ಎಂಟ್ರಿ ಪರ್ಮಿಟ್ ಮಾಡಿಸಿ. ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲವಾದರೂ ಎಂದರೆ 3,800. ಇದಿಲ್ಲದೆ ವಿಮಾನ ಹತ್ತಿದರೆ ವೀಸಾ ವಿಸ್ತರಣೆ ಅಲ್ಲಿಗೆ ಸತ್ತಿತು. ಮನೆಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಕೇಳಿ ಹೊರಟವರು ಇದನ್ನು ಮರೆಯುವುದುಂಟು, ಆದ್ದರಿಂದ ಹಲವು ಸಲದ್ದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದೇ ಮೇಲು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ತಡವಾಗಿ ನೀವಾಗೇ ಹೋದರೆ 2,000 ಬಹ್ತ್ ದಂಡ. ನೀವು ಉಳಿಯುವ ಮನೆಯ ಮಾಲೀಕರು ವಿದೇಶಿ ತಮ್ಮಲ್ಲಿ ಉಳಿದಿದ್ದಾರೆಂದು ಇಮಿಗ್ರೇಷನ್‌ಗೆ ತಿಳಿಸುವ ಟಿಎಂ-30 ಫಾರ್ಮನ್ನು 24 ಗಂಟೆಯೊಳಗೆ ಸಲ್ಲಿಸಿದ್ದಾರೋ ಇಲ್ಲವೋ ವಿಚಾರಿಸಿ.

ಕಂಪನಿಯ ಕಡೆ ಸಂಬಳದ ತೆರಿಗೆ ಮುಂದಿನ ತಿಂಗಳ 7ರೊಳಗೆ, ವ್ಯಾಟ್ ಮತ್ತು ಸಾಮಾಜಿಕ ಭದ್ರತೆ 15ರೊಳಗೆ, ವರ್ಷಾಂತ್ಯದ ಲೆಕ್ಕ ಆಡಿಟ್ ಮಾಡಿಸಿ 150 ದಿನದೊಳಗೆ ಆದಾಯ ತೆರಿಗೆ ರಿಟರ್ನ್ಸ್. ಆ ಲೆಕ್ಕಪತ್ರವೇ ಮುಂದಿನ ವರ್ಷದ ವೀಸಾಕ್ಕೆ ಹೋಗುತ್ತದೆ. ತೆರಿಗೆ ತಪ್ಪಿಸಲೆಂದು ವಹಿವಾಟು ಕಡಿಮೆ ತೋರಿಸಿದರೆ ‘ಇಷ್ಟು ಸಣ್ಣ ವ್ಯಾಪಾರಕ್ಕೆ ವಿದೇಶಿ ಏಕೆ ಬೇಕು’ ಎಂಬ ಪ್ರಶ್ನೆ ಎದುರಾಗುತ್ತದೆ. ಹೋಟೆಲಿನ ಜಾಗ ಬದಲಾದರೆ, ಕೆಲಸದ ಸ್ವರೂಪ ಬದಲಾದರೆ 15 ದಿನದೊಳಗೆ ಉದ್ಯೋಗ ಇಲಾಖೆಗೆ ತಿಳಿಸಬೇಕು.

ಪಾಲುದಾರಿಕೆ ಮುರಿದುಬಿದ್ದರೆ? ಕಂಪನಿ ನಿಮ್ಮನ್ನು ಕೆಲಸದಿಂದ ಬಿಡಿಸಿದ ವರದಿಯನ್ನೂ 15 ದಿನದೊಳಗೆ ಕೊಡಬೇಕು. ಪರ್ಮಿಟ್ಟಿನ ಜೊತೆ ಅದರ ಆಧಾರದ ಮೇಲಿದ್ದ ವೀಸಾ ವಿಸ್ತರಣೆಯೂ ಮುಗಿಯುತ್ತದೆ. ಷೇರು ಮಾತ್ರ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದನ್ನು ಊರಿನಿಂದಲೇ ಮಾರಬಹುದು. ನೀವು ಭಾರತದ ನಿವಾಸಿಯಾಗಿ ಈ ಪಾಲು ಹೊಂದಿರುವಷ್ಟು ಕಾಲ ಪ್ರತಿ ಡಿಸೆಂಬರ್ 31ರೊಳಗೆ ಕಂಪನಿಯ ವಾರ್ಷಿಕ ವರದಿಯನ್ನು ಬ್ಯಾಂಕಿನ ಮೂಲಕ ಸಲ್ಲಿಸಬೇಕು, ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ಮಾರಿದ ಮೇಲೆ ಹಣವನ್ನು 90 ದಿನದೊಳಗೆ ಭಾರತಕ್ಕೆ ತಂದು, ಬಂದ 30 ದಿನದೊಳಗೆ ಅದೇ ಫಾರ್ಮ್ ಎಫ್‌ಸಿಯಲ್ಲಿ ವರದಿ ಮಾಡಿದರೆ ಆ ಯುಐಎನ್‌ನ ಲೆಕ್ಕ ಮುಗಿಯುತ್ತದೆ.